ಪಾಲಿಕೆಯಲ್ಲಿ ಭತ್ತ ಏಳದ ಚಳಿಗಾಲ

ಮೊನ್ನೆ ಬಾಗಲೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆರೆದು ಕೂತಿದ್ದೆ. ಹೊಸದಾಗಿ ಉತ್ತ ಹೊಲವೊಂದಕ್ಕೆ ಯಾರೋ ಕಳೆ ಔಷಧಿ ಹೊಡೆಯುತ್ತಿದ್ದರು. ಸೀಮೆಎಣ್ಣೆಗೆ ಸ್ವಲ್ಪ ಸಿಹಿ ಬೆರೆಸಿದಂಥ ವಾಸನೆ ಅದು, ಒಮ್ಮೆ ಒಳಗೆ ಹೋದರೆ ಗಂಟಲಿನಲ್ಲೇ ನಿಲ್ಲುತ್ತದೆ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಟ್ಕಿ ಹಾಕಮ್ಮ" ಎಂದಳು. ಹಾಕಲು ಕೈ ಏಳಲಿಲ್ಲ. ನನ್ನ ತಂಗಿ ಪವಿತ್ರಳ ಮದುವೆ ಗೊತ್ತಾಗಿದ್ದ ಆ ಚಳಿಗಾಲ ಒಂದೇ ಸಲಕ್ಕೆ ಎದುರು ಬಂದು ನಿಂತಿತು.

ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡರು. ಆಮೇಲೆ ಮನೆ ನಿಂತಿದ್ದು ಅಮ್ಮನ ತಮ್ಮ ಮುನಿರಾಜು ಮಾವನ ಮೇಲೆ. ಹೊಸೂರಿನ ಕಾಲೇಜಿಗೆ ಬಸ್ಸು ತಪ್ಪಿದ ದಿನ, ಗೊಬ್ಬರದ ಚೀಲ ಇಳಿಸಿ ಮೊಪೆಡ್ಡಿನ ಮೇಲೆ ನನ್ನನ್ನು ಕೂರಿಸಿಕೊಂಡು ಹೋದವನು ಅವನು. ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ರೆಡಿಮೇಡ್ ಸಂಸಾರ ಸಿಕ್ಕೈತಲ್ಲ, ಅಳತೆ ಕೊಟ್ಟು ಹೊಲಿಸ್ಕೊಳೋದು ಯಾಕೆ" ಅನ್ನುತ್ತಿದ್ದ. ನಾನು ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದಾಗ ಊರಲ್ಲೆಲ್ಲ, "ನಮ್ಮುಡ್ಗಿ ಡಾಕ್ಟ್ರಾಗ್ತಾಳೆ, ಗಿಡಗೋಳ್ಗೆ" ಎಂದು ಹೇಳಿಕೊಂಡು ತಿರುಗಿದ.

ನಾನು ದಿನಾ ಹೋಗಿ ಮಾಡುವುದೇನು ಅಂತ ಒಂದು ದಿನ ಅಮ್ಮ ಕೇಳಿದಳು. ಅವರೆಕಾಯಿ ಬಿಡಿಸುತ್ತ ಮೂವರೂ ಕೂತಿದ್ದೆವು.

"ಗಿಡದ ಮೈಯೆಲ್ಲ ಸಣ್ಣ ಸಣ್ಣ ಕೋಣೆ ಇರ್ತವಮ್ಮ. ಒಂದು ಕೋಣೆ ಎರಡಾಗ್ತಾ ಹೋದ್ರೇನೆ ಗಿಡ ಬೆಳೆಯೋದು. ಎರಡಾಗ್ಬೇಕು ಅಂದ್ರೆ ನಡುವೆ ಗೋಡೆ ಏಳ್ಬೇಕು. ಆ ಗೋಡೆ ಹೆಂಗೆ ಏಳ್ತದೆ ಅಂತ ನೋಡ್ತೀನಿ."

"ಅಣ್ಣತಮ್ಮಂದ್ರು ಭಾಗ ಆದಂಗೆ ಅನ್ನು" ಎಂದಳು ಅಮ್ಮ.

"ಇಟ್ಗೆ ಎಲ್ಲಿಂದ ಬತ್ತದೆ?" ಎಂದು ಮಾವ ಕೇಳಿದ.

"ಇಟ್ಗೆ ಅಲ್ಲ ಮಾವ, ಗುಳ್ಳೆ. ಸೋಪಿನ ಗುಳ್ಳೆ ಥರ. ಅದರ ಚರ್ಮ ಕೊಬ್ಬಿಂದು."

"ಗಿಡಕ್ಕೆ ಕೊಬ್ಬಾ? ಪಂಚಾಯ್ತಿ ಮೆಂಬರ್ಗೆ ಐತೆ ಅಂದ್ರೆ ನಂಬ್ತೀನಿ."

ಅವನು ನಂಬದಿದ್ದರೂ ವಿಷಯ ಇಷ್ಟೇ. ನಮ್ಮ ಮೈಯ ಜೀವಕೋಶ ಎರಡಾಗುವಾಗ ಹೊರಗಿನಿಂದ ಸೊಂಟ ಬಿಗಿದಂತೆ ಒಳಕ್ಕೆ ಕಿರಿದಾಗುತ್ತದೆ. ಗಿಡದ ಕೋಶಕ್ಕೆ ಸುತ್ತ ಗಟ್ಟಿ ಗೋಡೆ ಇರುವುದರಿಂದ ಅದು ಹಾಗೆ ಬಾಗಲಾರದು. ಹಾಗಾಗಿ ನಟ್ಟನಡುವೆ ಗುಳ್ಳೆಗಳು ಬಂದು ಸೇರುತ್ತವೆ, ಒಂದರೊಳಗೊಂದು ಕೂಡಿ ತೆಳ್ಳಗಿನ ತಟ್ಟೆಯಾಗುತ್ತವೆ, ತಟ್ಟೆ ಅಂಚಿನ ಕಡೆ ಹರಡಿ ಹಳೆಯ ಗೋಡೆಯನ್ನು ಮುಟ್ಟುತ್ತದೆ. ಮುಟ್ಟಿದರೆ ಎರಡು ಕೋಶ. ಗುಳ್ಳೆಯ ಪೊರೆಯಲ್ಲಿರುವ ಕೊಬ್ಬಿನಲ್ಲಿ ಬಹಳ ಉದ್ದದ ಬಾಲವಿರುವ ಒಂದು ಜಾತಿ ಉಂಟು. ಅದು ಸಾಲದೆ ಬಂದರೆ ಗುಳ್ಳೆಗಳು ಬರುತ್ತವೆ, ಸರಿಯಾಗಿ ಕೂಡುವುದಿಲ್ಲ. ತಟ್ಟೆ ಅರ್ಧಕ್ಕೆ ನಿಂತು ಚೂರುಚೂರಾಗುತ್ತದೆ. ಒಂದೇ ಕೋಣೆಯಲ್ಲಿ ಎರಡು ಕೋಶಕೇಂದ್ರ ಉಳಿದುಬಿಡುತ್ತವೆ, ಮೊಳಕೆ ಅಲ್ಲಿಗೆ ನಿಂತಿತು.

ಆ ಉದ್ದ ಬಾಲ ಆಗದಂತೆ ತಡೆಯಲು ನಾನು ಲ್ಯಾಬಿನಲ್ಲಿ ಬಳಸುತ್ತಿದ್ದದ್ದು ಒಂದು ಜಾತಿಯ ಕಳೆನಾಶಕ. ಬೀಜ ಮೊಳೆಯುವ ಮುಂಚೆ ಹೊಲಕ್ಕೆ ಹೊಡೆಯುತ್ತಾರಲ್ಲ, ಅದೇ. ಹುಲ್ಲು, ಸಣ್ಣ ಬೀಜದ ಕಳೆ ಏಳುವುದಿಲ್ಲ, ಹುರುಳಿಕಾಯಿಗೆ ಏನೂ ಆಗುವುದಿಲ್ಲ. ನಾನು ಹನಿಯಲ್ಲಿ ಅಳೆದು ಹಾಕುತ್ತಿದ್ದೆ. ಮಾವ ಟ್ಯಾಂಕ್ ತುಂಬಿಸಿ ಹೊಡೆಯುತ್ತಿದ್ದ. ನಮ್ಮ ಸುತ್ತಿನ ಹುರುಳಿಕಾಯಿ ತೋಟಗಳಿಗೆಲ್ಲ ಔಷಧಿ ಹೊಡೆಯುವವನು ಅವನೇ. ಜಾಗ್ರತೆಯ ಮನುಷ್ಯ. ಮೂಗಿಗೆ ಬಟ್ಟೆ ಕಟ್ಟದೆ ಟ್ಯಾಂಕ್ ಮುಟ್ಟುತ್ತಿರಲಿಲ್ಲ. ಯಾರೋ ಕಾಲುವೆಯಲ್ಲಿ ಟ್ಯಾಂಕ್ ತೊಳೆದು, ಆ ನೀರು ಕುಡಿದ ಮೇಕೆ ಸತ್ತದ್ದನ್ನು ಕಂಡ ಮೇಲೆ, ದನ ಮೇಯದ, ಯಾರೂ ಉಳದ ಜಾಗಕ್ಕೆ ಟ್ಯಾಂಕ್ ಹೊತ್ತುಕೊಂಡು ಹೋಗಿ ತೊಳೆದು ಬರುತ್ತಿದ್ದ.

ಆ ವರ್ಷ ಮಾರ್ಗಶಿರದ ಚಳಿ ಜೋರಾಗಿತ್ತು. ಬೆಳಗ್ಗೆ ಗುಲಾಬಿ ಬೆಳೆಯುವ ಪಾಲಿಹೌಸುಗಳ ಪ್ಲಾಸ್ಟಿಕ್ಕಿನಿಂದ ಮಳೆಯಂತೆ ಇಬ್ಬನಿ ಸುರಿಯುತ್ತಿತ್ತು. ಆ ಮಂಜಿನಲ್ಲೇ ಪವಿತ್ರ ತನ್ನ ಕಾರ್ಖಾನೆಯ ಬಸ್ಸಿಗೆ ನಿಲ್ಲುತ್ತಿದ್ದಳು. ತೊರಪಲ್ಲಿ ಕಡೆಯ ಲೋಕೇಶ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಇಬ್ಬರೂ ಒಪ್ಪಿದ್ದರು, ಎರಡೂ ಮನೆಯವರು ಒಪ್ಪಿದ್ದರು, ಸಂಕ್ರಾಂತಿ ಕಳೆದು ತೈ ತಿಂಗಳಿಗೆ ಮುಹೂರ್ತ ಇಟ್ಟಾಗಿತ್ತು. ಅವರ ಮನೆಯಲ್ಲಿ ಮಾತು ನಡೆಯುವುದು ಲೋಕೇಶನ ದೊಡ್ಡಮ್ಮ ಚೌಡಮ್ಮನದು. ಆಕೆ ಕೆಟ್ಟವಳಲ್ಲ, ಹೆದರಿದವಳು. ಆಕೆಯ ಹಿರಿಯ ಸೊಸೆ ಮದುವೆಯಾದ ಮೊದಲ ವರ್ಷವೇ ತೀರಿಹೋಗಿದ್ದಳು. ಆ ಮದುವೆಯ ಪಾಲಿಕೆ ಸರಿಯಾಗಿ ಬಂದಿರಲಿಲ್ಲವಂತೆ, ನೋಡಿಯೂ ಸುಮ್ಮನಿದ್ದರಂತೆ.

ಪಾಲಿಕೆ ಎಂದರೆ ನಮ್ಮ ಕಡೆ ಮದುವೆಗೆ ಮುಂಚೆ ಮಣ್ಣಿನ ಬಟ್ಟಲುಗಳಲ್ಲಿ ನವಧಾನ್ಯ ಮೊಳೆಸುವುದು. ಮಣ್ಣು ಹುತ್ತದಿಂದಲೇ ಬರಬೇಕು, ತರುವವನು ಸೋದರಮಾವನೇ ಆಗಬೇಕು. ಮೊಳಕೆ ಎದ್ದ ಮೇಲೆ ಗಂಡಿನ ಕಡೆಯ ಹೆಂಗಸರು ಬಂದು ಹಾಲುನೀರು ಚಿಮುಕಿಸಿ ಹೋಗುತ್ತಾರೆ. ಮುನಿರಾಜು ಮಾವ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಬುಟ್ಟಿಯಲ್ಲಿ ಮಣ್ಣು ತಂದ. ಅಮ್ಮ ಕಾಳು ಚೆಲ್ಲಿದಳು.

ಚೌಡಮ್ಮ ಬರಲು ಎರಡು ದಿನ ಇದೆ ಎನ್ನುವಾಗ ನಾನು ಸಂಜೆ ಬಸ್ಸಿಳಿದು ಮನೆಗೆ ಬಂದೆ. ಅಮ್ಮ ದೇವರ ಮೂಲೆಯಲ್ಲಿ ಬಟ್ಟಲುಗಳ ಮೇಲೆ ಬಟ್ಟೆ ಮುಚ್ಚಿ ಕೂತಿದ್ದಳು. ಬಟ್ಟೆ ತೆಗೆದೆ. ಅವರೆ, ಹುರುಳಿ, ಅಲಸಂದೆ, ಹೆಸರು ಎಲ್ಲ ಸೊಗಸಾಗಿ ಎದ್ದಿದ್ದವು. ಭತ್ತ, ಗೋಧಿ, ಎಳ್ಳು ಇಲ್ಲ. ಭತ್ತ ಬಾಯಿ ಬಿಟ್ಟಿತ್ತು, ಸುಳಿ ಮಾತ್ರ ಸುರುಟಿಕೊಂಡು ಸಿಪ್ಪೆಯೊಳಗೆ ಸಿಕ್ಕಿಹಾಕಿಕೊಂಡಿತ್ತು.

"ಇದು ಎರಡ್ನೇ ಸಲ ಕಣಮ್ಮಿ" ಎಂದಳು ಅಮ್ಮ. "ಮೊದಲ್ನೇ ಸಲ ಹಿಂಗೇ ಆಯ್ತು. ಬೀಜ ಸರಿಯಿಲ್ಲ ಅಂತ ಕೆದ್ಕಿ ತೆಗ್ದು, ಬೇರೆ ಬೀಜ ತಂದು ಅದೇ ಮಣ್ಗೆ ಹಾಕ್ದೆ. ಯಾರ್ಗೂ ಹೇಳಿಲ್ಲ. ಪವಿಗೂ ಹೇಳಿಲ್ಲ."

ನಾನು ಆ ಬಟ್ಟಲನ್ನೇ ನೋಡುತ್ತ ನಿಂತೆ. ಬೇಳೆಕಾಳು ಎದ್ದಿದೆ, ಹುಲ್ಲಿನ ಜಾತಿಯೂ ಸಣ್ಣ ಬೀಜದ ಎಳ್ಳೂ ಎದ್ದಿಲ್ಲ. ಎರಡು ಭತ್ತದ ಮೊಳಕೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮರುದಿನ ಲ್ಯಾಬಿಗೆ ಒಯ್ದೆ. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ.

ಅಲ್ಲಿತ್ತು. ಕೋಶದ ನಡುವೆ ಶುರುವಾಗಿ ಅರ್ಧಕ್ಕೆ ನಿಂತ ತಟ್ಟೆ, ಅದರ ಆಚೆ ಈಚೆ ಒಂದೊಂದು ಕೋಶಕೇಂದ್ರ, ಸುತ್ತ ಕೂಡಿಕೊಳ್ಳಲಾರದೆ ಬಿದ್ದ ಗುಳ್ಳೆಗಳ ಚೂರು. ಅಷ್ಟು ವರ್ಷ ನಾನು ಹುಡುಕಿದ್ದ ಚಿತ್ರ ಅದು. ನನ್ನ ಫೆಲೋಶಿಪ್ ಆ ಚಳಿಗಾಲಕ್ಕೆ ಮುಗಿಯುತ್ತಿತ್ತು, ಇಂಥದ್ದೊಂದು ಚಿತ್ರ ಇಲ್ಲದೆ ನನ್ನ ಪ್ರಬಂಧ ನಿಲ್ಲುವುದಿಲ್ಲ ಎಂದು ನನ್ನ ಗೈಡ್ ಮೇಡಂ ಹೇಳಿದ್ದರು. ಅವರು ಬಂದು ಕಣ್ಣಿಟ್ಟು ನೋಡಿದರು. "ಇಷ್ಟು ಕ್ಲಿಯರಾಗಿ ಬಂದೇ ಇರ್ಲಿಲ್ವಲ್ಲ. ಎಷ್ಟು ಡೋಸ್ ಕೊಟ್ಟೆ?" ಎಂದರು. ಗೊತ್ತಿಲ್ಲ ಮೇಡಂ ಎಂದೆ. ಅವರು ನನ್ನ ಮುಖ ನೋಡಿ ಬೈಯದೆ ಹೋದರು.

ಲ್ಯಾಬಿನಲ್ಲಿ ಔಷಧಿ ಸೋಕದ ಭತ್ತ, ಗೋಧಿ ಸಸಿಗಳ ತಟ್ಟೆಗಳಿದ್ದವು. ಹಸಿರಾಗಿ, ನೆಟ್ಟಗೆ. ನಾನು ಊಟದ ಡಬ್ಬಿ ತೊಳೆದು, ಅದರಲ್ಲಿ ಒದ್ದೆ ಕಾಗದ ಹಾಸಿ, ಆ ಸಸಿಗಳನ್ನು ತುಂಬಿಸಿದೆ. ಅತ್ತಿಬೆಲೆ ದಾಟುವ ತನಕ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ. ತಪ್ಪೋ ಸರಿಯೋ ಯೋಚಿಸಲಿಲ್ಲ. ಪಾಲಿಕೆಯಲ್ಲಿ ನೆಟ್ಟರೆ ಯಾರಿಗೆ ಗೊತ್ತಾಗುತ್ತದೆ? ಎಳ್ಳನ್ನು ಯಾರು ಎಣಿಸುತ್ತಾರೆ?

ಮನೆಗೆ ಬಂದಾಗ ಮಾವ ಜಗಲಿಯ ಮೇಲಿದ್ದ.

"ಮಾವ, ಮಣ್ಣು ಯಾವ ಹುತ್ತದ್ದು?"

"ಹಳೇ ಬದುವಿನ್ ಮೇಲಿಂದು. ಯಾಕಮ್ಮಿ?"

"ಟ್ಯಾಂಕ್ ಎಲ್ಲಿ ತೊಳೀತೀಯ?"

ಅವನು ಬೀಡಿ ಆರಿಸಿ ಎದ್ದು ನಿಂತ. ದನ ಮೇಯದ, ಯಾರೂ ಉಳದ ಜಾಗ. ಹುತ್ತ ಇರುವ ಕಡೆ ಯಾರೂ ದನ ಬಿಡುವುದಿಲ್ಲ, ನೇಗಿಲು ಹೂಡುವುದಿಲ್ಲ.

"ಹುತ್ತದ್ ಮೇಲೆ ಹುಯ್ದಿಲ್ಲ ಕಣಮ್ಮಿ" ಎಂದ. "ನಮ್ಮಪ್ಪನಾಣೆಗೂ ಇಲ್ಲ. ಬದುವಿನ್ ಕೆಳಗೆ ತೊಳೀತಿದ್ದೆ. ಮಣ್ಣು ತಗಂಡಿದ್ದೂ ಕೆಳಗಿಂದೇ, ಹುತ್ತಕ್ಕೆ ಗುದ್ಲಿ ಹಾಕ್ಬಾರ್ದು ಅಂತ, ಉದುರಿರೋದು ಬಳ್ಕೊಂಡೆ."

ಹುತ್ತಕ್ಕೆ ನೋವಾಗಬಾರದೆಂದು ಬುಡದ ಮಣ್ಣು ತಂದಿದ್ದ. ಬಸ್ಸಿನಲ್ಲಿ ನಾನು, ಇವರಿಗೆಲ್ಲ ಬಿಡಿಸಿ ಹೇಳಿದರೆ ಅಪಶಕುನದ ಮಾತು ಮುಗಿಯುತ್ತದೆ ಎಂದೂ ಒಂದು ಸಲ ಅಂದುಕೊಂಡಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದವಳೇ ನನ್ನ ರಟ್ಟೆ ಹಿಡಿದಳು.

"ಈ ಮಾತು ಇಲ್ಲಿಗೆ ಬುಟ್ಬುಡು. ನಾಗಪ್ಪನ ಹುತ್ತಕ್ಕೆ ವಿಸ ಹುಯ್ದೋನು ಅಂತಾರೆ. ಮೊಳ್ಕೆ ಬರ್ದೇ ಇರೋದಕ್ಕಿಂತ ಅದು ದೊಡ್ಡದು ಕಣೆ. ಆ ಡಬ್ಬೀಲೇನು?"

ತೆರೆದು ತೋರಿಸಿದೆ. ಅಮ್ಮನ ಕಣ್ಣಲ್ಲಿ ನೀರು ಬಂತು. ಆಗಲೇ ಬಟ್ಟಲು ಎಳೆದುಕೊಂಡು, ಬೆರಳಿನಿಂದ ಗುಳಿ ಮಾಡತೊಡಗಿದಳು. ಅಷ್ಟರಲ್ಲಿ ಪವಿತ್ರ ಕೆಲಸ ಮುಗಿಸಿ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ನೋಡಿದಳು. ಎಲ್ಲವನ್ನೂ ಹೇಳಬೇಕಾಯಿತು.

"ಬ್ಯಾಡ" ಎಂದಳು.

"ಪವಿ, ಇದು ಬರೀ ವಿಷದ ಕೆಲಸ, ಗ್ರಹಚಾರ ಏನೂ ಅಲ್ಲ. ಹೆಂಗಿದ್ರೂ ಸುಳ್ಳು ಶಕುನ. ಅದಕ್ಕೆ ಸುಳ್ಳು ಸಸಿ ನೆಟ್ರೇನು?" ಎಂದೆ.

"ನಿಂಗೆ ಗೊತ್ತು ಸುಳ್ಳು ಅಂತ. ಅವ್ರಿಗೆ ಗೊತ್ತಾ? ನಾಳೆ ಆ ಮನೇಲಿ ಒಂದು ಮಗೀಗೆ ಜ್ವರ ಬಂದ್ರೂ ಅವ್ರ ಮುಖ ನೋಡಕ್ಕಾಗಲ್ಲ ನಂಗೆ. ಹೇಳೋದಿದ್ರೆ ಇದ್ದಂಗೆ ಹೇಳು. ಇಷ್ಟು ಓದಿದ್ದೀಯಲ್ಲ, ನಿಂತ್ಕೊಂಡು ಹೇಳು."

ಮರುದಿನ ಚೌಡಮ್ಮ ಇನ್ನಿಬ್ಬರು ಹೆಂಗಸರ ಜೊತೆ ಬಂದರು. ಚೊಂಬಿನಲ್ಲಿ ಹಾಲುನೀರು, ಮಡಿಲಲ್ಲಿ ಹೂವು. ಬಟ್ಟೆ ಸರಿಸಿದವರೇ ಚೊಂಬನ್ನು ನೆಲಕ್ಕೆ ಇಟ್ಟರು. ಜೊತೆಗಿದ್ದವಳು ಏನೋ ಪಿಸುಗುಟ್ಟಿದಳು. ಚೌಡಮ್ಮ ಕೈ ತೋರಿಸಿ ಸುಮ್ಮನಿರಿಸಿದರು.

ನಾನು ನಿಂತುಕೊಂಡು ಹೇಳಿದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಇಲ್ಲಿ ನೋಡಿ ಗೋಡೆ ಏಳುತ್ತಿತ್ತು, ಇಲ್ಲಿ ನಿಂತಿದೆ, ಬೀಜದ ತಪ್ಪಲ್ಲ, ಹುಡುಗಿಯ ತಪ್ಪಲ್ಲ, ಮಣ್ಣಿನಲ್ಲಿ ಔಷಧಿ ಇತ್ತು, ಅದು ಕೊಬ್ಬು ಆಗಲು ಬಿಡಲಿಲ್ಲ. ಸೆಮಿನಾರಿನಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ವಿವರಿಸಿಲ್ಲ. ಚೌಡಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನೀನು ಓದ್ದೋಳು. ನಂಬ್ತೀನಿ ಕಣಮ್ಮ" ಎಂದರು.

ನಾನು ಫೋನಿಗೆ ಕೈ ಚಾಚಿದೆ.

"ಔಸ್ದಿ ಮಣ್ಗೆ ಹೆಂಗ್ ಬಂತು?"

ಅಮ್ಮ ನನ್ನನ್ನು ನೋಡಿದಳು. ಬಾಗಿಲ ಹೊರಗಿದ್ದ ಮಾವ ಒಳಗೆ ಬಂದ.

"ನಾನೇ ತಾಯಿ. ಟ್ಯಾಂಕ್ ತೊಳ್ದಿದ್ದು ಅಲ್ಲೇ. ಗೊತ್ತಾಗ್ಲಿಲ್ಲ."

ಚೌಡಮ್ಮ ಸೆರಗು ಎಳೆದುಕೊಂಡು ಗೋಡೆಗೆ ಒರಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ವಾದ ಮಾಡಬಹುದಿತ್ತು.

"ಹುಡ್ಗೀದು ಏನೂ ಇಲ್ಲ ಅಂತಾಯ್ತು, ಸಂತೋಸ. ಆದ್ರೆ ಇವ್ಳಿಗೆ ಧಾರೆ ಎರೆಯೋ ಕೈ ಯಾವ್ದು? ಅಪ್ಪ ಇಲ್ಲ. ಹುತ್ತದ್ ಬುಡಕ್ಕೆ ವಿಸ ಹುಯ್ದಿರೋ ಕೈ. ನಾನು ಒಂದು ಸಲ ನೋಡಿನೂ ನೋಡ್ದಂಗೆ ಇದ್ದು ಸೊಸೇನ ಕಳ್ಕೊಂಡೆ. ಇನ್ನೊಂದ್ಸಲ ನಂಗೆ ಸಕ್ತಿ ಇಲ್ಲ. ಬೇರೆ ಯಾರಾದ್ರೂ ಧಾರೆ ಎರೀಲಿ, ಇವ್ರು ಛತ್ರಕ್ಕೆ ಬರೋದು ಬ್ಯಾಡ. ಅಷ್ಟು ಮಾಡಿ, ಮದ್ವೆ ನಡೀಲಿ."

"ಬರಲ್ಲ ಬುಡಿ" ಎಂದ ಮಾವ, ಆಕೆ ಮಾತು ಮುಗಿಸುವ ಮುಂಚೆಯೇ. "ಆ ರಸ್ತೇಲೇ ಬರಲ್ಲ. ನಮ್ಮ ದಾಯಾದಿ ಯಾರಾದ್ರೂ ಎರೀಲಿ. ಆಯ್ತಲ್ಲ ತಾಯಿ, ನೀವು ಹಾಲುನೀರು ಹಾಕಿ."

ಹಾಲುನೀರು ಹಾಕಲಿಲ್ಲ, ಮಣ್ಣು ಬದಲಾಯಿಸಿ ಮತ್ತೆ ಹಾಕಿ, ಆಮೇಲೆ ಬರುತ್ತೇವೆ ಎಂದು ಹೋದರು. ಬೇಲಿಯ ಹತ್ತಿರ ಪವಿತ್ರ ಲೋಕೇಶನಿಗೆ ಫೋನ್ ಮಾಡಿದಳು. ಅವಳ ಮಾತು ಮಾತ್ರ ನನಗೆ ಕೇಳುತ್ತಿತ್ತು. "ಒಂದಿನದ್ ಮಾತಲ್ಲ ಲೋಕಿ. ಆಮೇಲೆ ಹೋಗಿ ಕಾಲ್ಗೆ ಬಿದ್ರೆ ಆಗ್ಬುಡ್ತದಾ? ... ನಾನು ನಿಮ್ ದೊಡ್ಡಮ್ಮನ್ನ ಬೈತಿಲ್ಲ. ನೀನು ಕೇಳ್ತೀಯಾ ಅವ್ರನ್ನ, ಅಷ್ಟು ಹೇಳು. ... ಕೇಳ್ತೀಯಾ?" ಫೋನ್ ಕಟ್ ಮಾಡಿದಳು. ಒಳಗೆ ಬಂದು, "ಮಾವ ಇಲ್ದೆ ನಂಗೆ ಮದ್ವೆ ಬ್ಯಾಡ" ಎಂದು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು. ಮಾವ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬೇಡಿಕೊಂಡ. ಗದರಿದ, ಆಣೆ ಹಾಕಿದ, ಕೊನೆಗೆ ಕೈ ಮುಗಿದ. ಅವಳು ತುತ್ತು ನುಂಗುತ್ತ, "ಬ್ಯಾಡ ಅಂದ್ನಲ್ಲ" ಅಂದಳು. ಆ ತಟ್ಟೆಯ ಅನ್ನ ಅವಳು ಉಂಡು ಮುಗಿಸಿದ್ದು ಹೇಗೋ ನನಗೆ ಗೊತ್ತಿಲ್ಲ.

ಮಾರನೆ ಬೆಳಗ್ಗೆ ಮಾವ ಮನೆಯಲ್ಲಿರಲಿಲ್ಲ. ಫೋನು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲೇ ಇತ್ತು. ಮೊಪೆಡ್ಡು ಅಂಗಳದಲ್ಲಿತ್ತು. ಅಮ್ಮ ಔಷಧಿ ಇಡುವ ಗುಡಿಸಲ ಕಡೆ ನೋಡಿದಳು. ನಾನು ಓಡಿದೆ. ಟ್ಯಾಂಕ್ ಇತ್ತು. ಕಳೆ ಔಷಧಿಯ ಕ್ಯಾನು ಇರಲಿಲ್ಲ.

ಆಮೇಲಿನದು ನನಗೆ ಕ್ರಮವಾಗಿ ನೆನಪಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಬದುವೇ ಕಾಣುತ್ತಿರಲಿಲ್ಲ. ಪವಿತ್ರ ಬಾವಿಯ ಕಡೆ ಓಡಿದಳು. ನಾನು ಹುರುಳಿಕಾಯಿ ತೋಟದೊಳಗೆ ನುಗ್ಗಿ, ಬಳ್ಳಿಯ ದಾರ ಕಾಲಿಗೆ ಸಿಕ್ಕಿ ಬಿದ್ದೆ. ಆ ಔಷಧಿ ಮನುಷ್ಯನ ಒಳಗೆ ಹೋದರೆ ಏನೇನು ಮಾಡುತ್ತದೆ ಎಂದು ನಾನು ಓದಿದವಳು. ಓದಿದ್ದೆಲ್ಲ ಒಂದೊಂದಾಗಿ ನೆನಪಾಗುತ್ತಿತ್ತು, ಬೇಡವೆಂದರೂ ನಿಲ್ಲುತ್ತಿರಲಿಲ್ಲ. "ಮಾವಾ" ಎಂದು ಕೂಗಿದೆ. ಹಳೆಯ ಬದುವಿನ ಕಡೆಯಿಂದ ಗುದ್ದಲಿಯ ಸದ್ದು ಬಂತು.

ಹುತ್ತದಿಂದ ಆಚೆಗೆ, ಬದುವಿನ ಬುಡದಲ್ಲಿ ಮೊಣಕಾಲುದ್ದ ಗುಂಡಿ. ಅದರೊಳಗೆ ಮಾವ, ಬನಿಯನ್ನು ಬೆವರಿನಿಂದ ಅಂಟಿಕೊಂಡಿತ್ತು. ಪಕ್ಕದಲ್ಲಿ ಮಣ್ಣು ತುಂಬಿಸಿ ಬಾಯಿ ಕಟ್ಟಿದ ಗೊಬ್ಬರದ ಚೀಲಗಳು. ಕ್ಯಾನು ಬದುವಿನ ಮೇಲೆ ಮುಚ್ಚಳ ಬಿಗಿದು ನಿಂತಿತ್ತು.

"ಬಂದ್ಯಾ" ಎಂದ. "ನಿನ್ನೇ ಕೇಳಾಣ ಅಂತ ಇದ್ನೂ ತಂದೆ. ಮೇಲೆ ಇಂಗ್ಲೀಸಲ್ಲಿ ಏನೇನೋ ಐತೆ. ಮಣ್ಣಲ್ಲಿ ಎಷ್ಟು ಆಳಕ್ಕೆ ಇಳೀತದೆ ಅಂತ ಬರ್ದವ್ನಾ ನೋಡು."

ಬದುವಿನ ಮೇಲೆ ಕೂತು ಕ್ಯಾನನ್ನು ಮಡಿಲಿಗೆ ಎಳೆದುಕೊಂಡೆ. ಚೀಟಿಯ ಸಣ್ಣ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಕರೆಗೆ ಎಷ್ಟು ಎಂದಿತ್ತು, ಮಕ್ಕಳ ಕೈಗೆ ಕೊಡಬೇಡಿ ಎಂದಿತ್ತು.

"ಇಲ್ಲ ಮಾವ."

"ನೀನು ಹೇಳು ಮತ್ತೆ. ಇದ್ರಲ್ಲೇ ಅಲ್ವಾ ನಿನ್ ಡಾಕ್ಟ್ರಿಕೆ. ಎಷ್ಟು ತೆಗುದ್ರೆ ಚೊಕ್ಕಟಾಗ್ತದೆ?"

ನಾನು ನೋಡಿದ್ದು ಒಂದು ಬೇರಿನ ತುದಿಯ ಒಂದು ಕೋಶದ ನಡುವಿನ ಕೂದಲಿಗಿಂತ ತೆಳ್ಳಗಿನ ಪೊರೆಯನ್ನು. ಆ ಮಣ್ಣು, ಆ ಬದು, ಎಷ್ಟು ಕಾಲದ ಟ್ಯಾಂಕಿನ ನೀರು, ನನಗೆ ಗೊತ್ತಿರಲಿಲ್ಲ.

"ಇನ್ನೊಂದು ಗೇಣು" ಎಂದೆ.

ಅವನು ತಲೆಯಾಡಿಸಿ ಅಗೆಯತೊಡಗಿದ. ಅಷ್ಟರಲ್ಲಿ ಪವಿತ್ರ ಓಡುತ್ತ ಬಂದಳು. ಗುಂಡಿಯನ್ನು ನೋಡಿದಳು, ಕ್ಯಾನನ್ನು ನೋಡಿದಳು, ಮುಖ ಒರೆಸಿಕೊಂಡು ಕೈ ಚಾಚಿದಳು.

"ಮೇಲೆ ಬಾ ಮಾವ."

"ಇನ್ನೊಂದ್ಸಲ ಹಾಕಾಣ ಕಣಮ್ಮಿ. ನಿಮ್ಮಕ್ಕ ಹೇಳವ್ಳೆ, ಇನ್ನೊಂದ್ ಗೇಣು ತೆಗುದ್ರೆ ಸಾಕು. ಚೊಕ್ಕಟ ಮಣ್ಣಲ್ಲಿ ಬತ್ತದೆ ಭತ್ತ. ಯಾಕ್ ಬರಲ್ಲ?"

"ಬತ್ತದೆ ಮಾವ. ಭತ್ತ ಬತ್ತದೆ. ಅವ್ರು ಬರಲ್ಲ. ಲೋಕಿ ಬೆಳಗ್ಗೆ ಮೆಸೇಜ್ ಹಾಕವ್ನೆ."

ಮಾವ ಅವಳ ಕೈಯನ್ನು ನೋಡಿದ. ಗುದ್ದಲಿಯ ಕಾವಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದು ತೆಗೆದ. ಆಮೇಲೆ ಬಗ್ಗಿ, ನಾನು ಹೇಳಿದ ಆ ಇನ್ನೊಂದು ಗೇಣನ್ನು ಅಗೆದ.